ಬಾಳೆನಾರಿನ ಜಪ

ಬೆಳಗಿನ ಐದೂವರೆ. ಕತ್ತಲಲ್ಲಿ ಮಲ್ಲಿಗೆ ಗಿಡಗಳ ಸಾಲಿನ ನಡುವೆ ಬೆಳಕಿನ ಒಂದು ಚುಕ್ಕೆ ಮೆಲ್ಲಗೆ ಸರಿಯುತ್ತಿದೆ. ಅಜ್ಜಿ ಹಣೆಗೆ ಕಟ್ಟಿಕೊಂಡ ಟಾರ್ಚು ಅದು. ಅವರು ಬಾಗಿದಲ್ಲಿ ಹತ್ತಿಪ್ಪತ್ತು ಮೊಗ್ಗು ಒಮ್ಮೆಲೇ ಬೆಳ್ಳಗೆ ಕಾಣುತ್ತವೆ. ಹೆಬ್ಬೆರಳು, ತೋರುಬೆರಳು ಸೇರಿ ಒಂದೊಂದನ್ನೇ ಚಿವುಟುತ್ತವೆ. ಬೆಳಕು ಮುಂದಿನ ಗಿಡಕ್ಕೆ ಹೋಗುತ್ತದೆ, ಹಿಂದಿನದು ಮತ್ತೆ ಕತ್ತಲಾಗುತ್ತದೆ. ಸೊಂಟಕ್ಕೆ ಕಟ್ಟಿದ ಹಳೆ ಬಟ್ಟೆಯ ಜೋಳಿಗೆಯೊಳಗೆ ಮೊಗ್ಗು ಬೀಳುವ ಸದ್ದು ಯಾರಿಗೂ ಕೇಳಿಸದು. ಕೇಳಿಸುವುದು ತುಟಿಯೊಳಗೇ ಉರುಳುತ್ತಿರುವ ಗುನುಗು. ನಿಂತು ಕಿವಿಗೊಟ್ಟರೆ ಮಾತು ಬಿಡಿಬಿಡಿಯಾಗುತ್ತದೆ. ನಮಾನ್ ಮರಿಯೆ. ಮತ್ತೆ, ನಮಾನ್ ಮರಿಯೆ. ಮರಿಯಾ ಮಾತೆಗೆ ಕೊಂಕಣಿಯ ವಂದನೆ.

ಕೊಂಕಣಿಯಲ್ಲಿ ಅಜ್ಜಿಗೆ ವ್ಹಡ್ಲಿಮಾಂಯ್ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗೂ ಇಲ್ಲ, ಬರೀ ಮಾಂಯ್. ಅಕ್ಟೋಬರಿನ ಒಂದು ಮಂಗಳವಾರ, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವನು ನೇರ ತೋಟದ ಬದಿಗೆ ಬಂದು ನಿಂತಿದ್ದೆ. ಮಾಂಯ್ ತಲೆ ಎತ್ತಿದರು. ಟಾರ್ಚಿನ ಬೆಳಕು ನನ್ನ ಕಣ್ಣಿಗೆ ಹೊಡೆಯಿತು.

‘ಬಂದ್ಯಾ ಪುತಾ? ಆ ಕೊನೆಯ ಸಾಲು ನೀನು ಕೊಯ್ಯಿ. ಅರಳಿದ್ದು ಬೇರೆ ಹಾಕು.’

ಅಷ್ಟೇ. ಗುನುಗು ಬಿಟ್ಟಲ್ಲಿಂದ ಮತ್ತೆ ಶುರುವಾಯಿತು.

ಇದು ಶಂಕರಪುರ. ಉಡುಪಿಯಿಂದ ತೆಂಕಣಕ್ಕೆ ಹೆದ್ದಾರಿ ಹಿಡಿದು, ಕಟಪಾಡಿಯಲ್ಲಿ ಮೂಡಣಕ್ಕೆ ತಿರುಗಿದರೆ ಸಿಗುವ ಊರು. ಭೌಗೋಳಿಕ ಸೂಚಕದ ಕಾಗದದಲ್ಲಿ ಹೂವಿನ ಹೆಸರು ಉಡುಪಿ ಮಲ್ಲಿಗೆ ಎಂದಿದೆ, ಮುಡಿಯುವವರ ಬಾಯಲ್ಲಿ ಅದು ಶಂಕರಪುರ ಮಲ್ಲಿಗೆ. ಇಲ್ಲಿಯ ಅನೇಕ ಕ್ರೈಸ್ತ ಮನೆಗಳ ಹಿತ್ತಿಲು, ಅಂಗಳದ ಅಂಚು, ಬಾವಿಯ ಬದಿ ಎಲ್ಲವೂ ಮಲ್ಲಿಗೆಯೇ. ಗದ್ದೆ, ತೆಂಗು ಗಂಡಸರ ಲೆಕ್ಕಕ್ಕೆ ಸೇರಿದರೆ, ಮಲ್ಲಿಗೆ ಹೆಂಗಸರ ಲೆಕ್ಕ. ಆ ಲೆಕ್ಕದಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಿ ಆಗಿದೆ, ಹೆಂಚು ಬದಲಾಯಿಸಿ ಆಗಿದೆ, ಹೆಣ್ಣುಮಕ್ಕಳಿಗೆ ಬಂಗಾರವೂ ಆಗಿದೆ. 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ಎಷ್ಟು ಎಂಬುದು ದಿನದಿನವೂ ಹೂವು ಕೊಳ್ಳುವ ಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಮದುವೆ, ಚೌತಿ, ನವರಾತ್ರಿ ಬಂತೆಂದರೆ ದರ ಹಾರುತ್ತದೆ, ಹೂವು ಮಾತ್ರ ಗಿಡದಲ್ಲಿ ಇದ್ದಷ್ಟೇ ಇರುತ್ತದೆ. ಆ ದಿನವೂ ಹಾಗೆಯೇ. ಎರಡು ಸಾಲು ಕೊಯ್ದು ಮುಗಿಸುವಾಗ ಜೋಳಿಗೆಯಲ್ಲಿದ್ದದ್ದು ಎರಡು ಚೆಂಡಿಗೆ ಸಾಕೋ ಸಾಲದೋ ಎನ್ನುವಷ್ಟು.

ಏಳು ಗಂಟೆಗೆಲ್ಲ ಜಗಲಿ ತುಂಬಿತು. ತುಂಬಿತು ಎಂದರೆ ಮೂರು ಜನ: ಮಾಂಯ್, ಅಮ್ಮ ಮತ್ತು ಪಕ್ಕದ ಮನೆಯ ಅಕ್ಕ. ಬೆತ್ತದ ತಟ್ಟೆಯಲ್ಲಿ ಮೊಗ್ಗಿನ ರಾಶಿ, ನೀರಿನ ಬೋಗುಣಿಯಲ್ಲಿ ನೆನೆದ ಬಾಳೆನಾರು. ನಾರನ್ನು ಉಗುರಿನಿಂದ ಸೀಳಿ ಎಳೆ ಮಾಡುತ್ತಾರೆ. ಈ ಕಡೆಗೆ ಒಂದಿಷ್ಟು ಮೊಗ್ಗು, ಆ ಕಡೆಗೆ ಒಂದಿಷ್ಟು, ನಡುವೆ ನಾರಿನ ಒಂದು ಸುತ್ತು, ಒಂದು ಎಳೆತ. ನೋಡುತ್ತಿದ್ದರೆ ಬೆರಳು ಕಾಣುವುದಿಲ್ಲ, ಬೆಳೆಯುವ ಹೂವು ಮಾತ್ರ ಕಾಣುತ್ತದೆ. ಅಕ್ಕ ತುಳುವಿನಲ್ಲಿ ಊರ ಸುದ್ದಿ ಹೇಳುತ್ತಾರೆ: ಯಾರ ಮನೆಯಲ್ಲಿ ನಾಗನಿಗೆ ತಂಬಿಲ, ಯಾರ ಮಗಳಿಗೆ ಸಂಬಂಧ ಕೂಡಿ ಬಂತು, ಕಟೀಲಿನ ಅಮ್ಮನಿಗೆ ನಿನ್ನೆ ಎಷ್ಟು ಅಟ್ಟೆ ಹೋಯಿತು. ‘ಹೌದಾ ಬಾಯಮ್ಮ?’ ಎಂದು ನಡುನಡುವೆ ಮಾಂಯ್‌ನ ಕಡೆ ತಿರುಗುತ್ತಾರೆ. ಮಾಂಯ್ ತಲೆ ಆಡಿಸುತ್ತಾರೆ, ನಗುತ್ತಾರೆ, ಒಂದು ಮಾತು ಸೇರಿಸುತ್ತಾರೆ. ಅಕ್ಕ ಚಹಾ ಕುಡಿಯಲು ಬಾಯಿ ಮುಚ್ಚಿದ ಅರೆಗಳಿಗೆಯಲ್ಲಿ ತುಟಿ ಮತ್ತೆ ಅಲುಗುತ್ತದೆ.

ಅಕ್ಕ ಎದ್ದು ಹೋದ ಮೇಲೆ ನನ್ನ ಪುಕಾರು ಹೊರಬಂತು. ನಾನು ಊರಿಗೆ ಬಂದದ್ದೇ ಅದಕ್ಕಾಗಿ ಎಂದರೂ ಸರಿಯೆ. ಬೆಂಗಳೂರಿನಲ್ಲಿ ಪ್ರಾರ್ಥನೆ ಒಣಗಿತ್ತು. ಮೊಬೈಲಿನಲ್ಲಿ ಪ್ರಾರ್ಥನೆಯ ಆ್ಯಪ್ ಇದೆ, ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆಯುತ್ತದೆ, ಅಂದಿನ ವಾಚನ ಬರುತ್ತದೆ. ಆಫೀಸಿನ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಜಪಸರ ಕೇಳುತ್ತೇನೆ. ಸಿಲ್ಕ್ ಬೋರ್ಡ್ ದಾಟುವಾಗ ಎರಡನೆಯ ರಹಸ್ಯ, ಇಳಿಯುವಾಗ ಐದನೆಯದು. ಒಂದೂ ತಪ್ಪಿಲ್ಲ, ಒಂದೂ ತಾಗುವುದೂ ಇಲ್ಲ. ಪುಸ್ತಕ ಓದಿದೆ. ಧ್ಯಾನಕೂಟಕ್ಕೆ ಹೋಗಿ ಮೂರು ದಿನ ಕೂತು ಬಂದೆ, ಬಂದ ವಾರ ಚೆನ್ನಾಗಿತ್ತು, ಮುಂದಿನ ವಾರ ಮತ್ತೆ ಅದೇ. ‘ಅದದೇ ಮಾತು, ಮಾಂಯ್. ಐವತ್ಮೂರು ಸಲ ಅದೇ ಮಾತು. ಬಾಯಿ ಹೇಳ್ತಾ ಇರ್ತದೆ, ಮನಸ್ಸು ಎಲ್ಲೋ ಇರ್ತದೆ.’

ಮಾಂಯ್ ತಕ್ಷಣ ಉತ್ತರ ಕೊಡುವವರಲ್ಲ. ಕೈಯಲ್ಲಿದ್ದ ಸುತ್ತು ಮುಗಿಸಿದರು. ಬೋಗುಣಿಯಿಂದ ಒದ್ದೆ ನಾರಿನ ಎಳೆ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

‘ಪರಿಮಳ ಉಂಟಾ?’

ಇರಲಿಲ್ಲ. ಹಸಿ ಬಾಳೆದಿಂಡಿನ ಒಗರು ವಾಸನೆ ಅಷ್ಟೇ.

‘ಇಲ್ಲ ಅಲ್ವಾ. ಹಾಗಂತ ಇದು ಬೇಡ ಅಂತ ಹೂ ಕಟ್ಟು ನೋಡುವ.’

ಮತ್ತೆ ತಮ್ಮ ಕೆಲಸಕ್ಕೆ ಹೋದರು. ನನಗೆ ಅರ್ಥವಾದದ್ದು ಅರ್ಧ. ಉಳಿದರ್ಧಕ್ಕೆ ಅವರ ಇಡೀ ದಿನದ ಹಿಂದೆ ನಡೆಯಬೇಕಾಯಿತು.

ಜಪಮಾಲೆಗೂ ಹೂಮಾಲೆಗೂ ಇರುವ ನಂಟು ಹಳೆಯದು. ಮಂಗಳೂರಿನ ಬೋಳಾರದಲ್ಲಿ 1568ರಲ್ಲಿ ಹುಟ್ಟಿದ ಇಗರ್ಜಿಗೆ ರೊಜಾರಿಯೊ, ಅಂದರೆ ಜಪಮಾಲೆ, ಎಂದೇ ಹೆಸರು. ಆ ಪದದ ಮೂಲವಾದ ಲ್ಯಾಟಿನಿನ ‘ರೋಸಾರಿಯುಂ’ ಎಂದರೆ ಗುಲಾಬಿ ತೋಟ. ಗುಲಾಬಿಯ ಮಾಲೆ ಎಂಬ ಅರ್ಥವೂ ಅದಕ್ಕೆ ಸೇರಿಕೊಂಡಿತು. ಹೇಳಿದ ಒಂದೊಂದು ಪ್ರಾರ್ಥನೆಯೂ ಮಾತೆಯ ಮುಡಿಗೆ ಏರಿಸಿದ ಒಂದೊಂದು ಹೂವು ಎಂಬ ಭಾವನೆ. ನಾವು ಮನೆಯಲ್ಲಿ ಅದಕ್ಕೆ ತೇರ್ಸ್ ಅನ್ನುತ್ತೇವೆ. ಅದು ಪೋರ್ಚುಗೀಸರ ‘ತೆರ್ಸು’, ಮೂರನೆಯ ಒಂದು ಪಾಲು ಎಂದರ್ಥ. ಪೂರ್ತಿ ಜಪಮಾಲೆಗೆ ಹದಿನೈದು ರಹಸ್ಯ, ಅಂದರೆ ಧ್ಯಾನಿಸಬೇಕಾದ ಹದಿನೈದು ಘಟನೆ, 150 ನಮಾನ್ ಮರಿಯೆ. ದಿನಕ್ಕೆ ಐದು ರಹಸ್ಯ ಹೇಳಿದರೆ ಮೂರರಲ್ಲಿ ಒಂದು ಪಾಲು. 2002ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಲೆಕ್ಕದಲ್ಲಿ ಅದು ಕಾಲುಪಾಲಾಯಿತು, ಹೆಸರು ಮಾತ್ರ ಮೂರನೆಯ ಒಂದಾಗಿಯೇ ಉಳಿಯಿತು. ಆ 150 ಕೂಡ ಸುಮ್ಮನೆ ಬಂದ ಸಂಖ್ಯೆಯಲ್ಲ. ಮಠಗಳಲ್ಲಿ ಓದು ಬಲ್ಲವರು 150 ಕೀರ್ತನೆಗಳನ್ನು ಹಾಡುತ್ತಿದ್ದರು. ಅಕ್ಷರ ಬಾರದವರು ಅಷ್ಟೇ ಸಲ ಬಾಯಿಪಾಠದ ಪ್ರಾರ್ಥನೆ ಹೇಳಿಕೊಂಡರು.

ಎಣಿಕೆ ಹುಟ್ಟಿದ ಕಡೆಯೇ ಎಣಿಕೆಯ ಕಾಯಿಲೆಯೂ ಹುಟ್ಟಿತು. ಮಣಿಗಳು ಬರುವುದಕ್ಕೆ ಬಹಳ ಮೊದಲು, ಈಜಿಪ್ಟಿನ ಮರುಭೂಮಿಯಲ್ಲಿ ಪೌಲನೆಂಬ ತಪಸ್ವಿ ಇದ್ದ. ದಿನಕ್ಕೆ 300 ಪ್ರಾರ್ಥನೆ ಅವನ ನೇಮ. ಮಡಿಲಲ್ಲಿ ಅಷ್ಟೇ ಬೆಣಚುಕಲ್ಲು ಇಟ್ಟುಕೊಂಡು, ಒಂದು ಪ್ರಾರ್ಥನೆಗೆ ಒಂದು ಕಲ್ಲು ಎಸೆಯುತ್ತಿದ್ದ. ಒಂದು ದಿನ ಅವನ ಕಿವಿಗೆ ಬಿತ್ತು: ಯಾವುದೋ ಹಳ್ಳಿಯ ಹೆಣ್ಣುಮಗಳೊಬ್ಬಳು 700 ಹೇಳುತ್ತಾಳಂತೆ. ಕುಗ್ಗಿ ಹೋಗಿ ಮಕಾರಿಯುಸ್ ಎಂಬ ಹಿರಿಯ ಸನ್ಯಾಸಿಯ ಬಳಿ ಹೋದ. ಹಿರಿಯರು ಹೇಳಿದ್ದರ ಸಾರ ಇಷ್ಟು: ನಾನು ಅರವತ್ತು ವರ್ಷದಿಂದ ನೂರೇ ಹೇಳುತ್ತೇನೆ, ಕೈಯಿಂದ ದುಡಿದು ಉಣ್ಣುತ್ತೇನೆ, ಬಂದವರನ್ನು ಮಾತಾಡಿಸುತ್ತೇನೆ, ನನ್ನ ಮನಸ್ಸು ನನ್ನನ್ನು ಚುಚ್ಚುವುದಿಲ್ಲ, ನಿನ್ನದು ಮುನ್ನೂರು ಹೇಳಿಯೂ ಚುಚ್ಚುತ್ತಿದ್ದರೆ ಕೊರತೆ ಲೆಕ್ಕದಲ್ಲಿಲ್ಲ. ಪಲ್ಲಾದಿಯುಸ್ ಬರೆದಿಟ್ಟ ಈ ಪ್ರಸಂಗಕ್ಕೆ ಸಾವಿರದ ಆರುನೂರು ವರ್ಷ ದಾಟಿದೆ. ಆ್ಯಪ್‌ನಲ್ಲಿ ‘ಸತತ 41 ದಿನ’ ಎಂದು ಹಸಿರು ಗುರುತು ನೋಡಿ ಬೀಗಿದ್ದ ನನಗೆ ಆ ಕಲ್ಲುಗಳು ಒಂದೊಂದಾಗಿ ಬಂದು ತಾಗಿದವು.

ಹತ್ತರ ಸುಮಾರಿಗೆ ಬೈಕಿನ ಹುಡುಗ ಬಂದು ಬಾಳೆಲೆಯಲ್ಲಿ ಸುತ್ತಿದ ಹೂವು ಒಯ್ದ. ಮಾಂಯ್ ಸೊಂಟ ಹಿಡಿದುಕೊಂಡು ಎದ್ದು ಬಾವಿಯ ಕಡೆ ಹೊರಟರು.

ಬಾವಿಗೆ ಪಂಪು ಹಾಕಿಸಿ ಎಷ್ಟೋ ವರ್ಷವಾಯಿತು. ಆದರೂ ಕಲ್ಲಿನ ಕಂಬಗಳ ನಡುವೆ ಹಳೆಯ ಗಡಗಡೆ ಹಾಗೆಯೇ ಇದೆ. ಕರೆಂಟು ಹೋದರೆ ಅದೇ ಗತಿ. ಅಂದು ಕರೆಂಟು ಇರಲಿಲ್ಲ. ಕಡಲೆ ಹಿಂಡಿ ನೆನೆಹಾಕಿದ ಬಕೆಟ್ಟು ಹುಳಿವಾಸನೆ ಹೊಡೆಯುತ್ತಾ ಮೂಲೆಯಲ್ಲಿತ್ತು. ಅದನ್ನು ನೀರಿನಲ್ಲಿ ಕದಡಿ ಗಿಡದ ಬುಡಕ್ಕೆ ಹೊಯ್ಯಬೇಕು. ನಾನು ಹಗ್ಗ ಹಿಡಿದೆ. ಹದಿನೈದು ಕೊಡಪಾನಕ್ಕೆ ಅಂಗೈ ಕೆಂಪಾಯಿತು.

ಇದೇ ಕೆಲಸವನ್ನು ಪ್ರಾರ್ಥನೆಯ ಉಪಮೆ ಮಾಡಿಕೊಂಡವರು ಸ್ಪೇನಿನ ಆವಿಲದ ಸಂತ ತೆರೇಸಾ. 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡ ಕಾರ್ಮೆಲ್ ಸಭೆಯ ಸನ್ಯಾಸಿನಿ. ತಮ್ಮ ಆತ್ಮಕಥೆಯಲ್ಲಿ ಮನಸ್ಸನ್ನು ಒಂದು ತೋಟವೆಂದು ಕಲ್ಪಿಸಿ, ಅದಕ್ಕೆ ನೀರುಣಿಸುವ ನಾಲ್ಕು ಬಗೆ ಹೇಳುತ್ತಾರೆ. ಮೊದಲನೆಯದು ಬಾವಿಯಿಂದ ಸೇದುವುದು: ರಟ್ಟೆಯೆಲ್ಲ ನೋವು, ನೀರು ಕೊಂಚ. ಎರಡನೆಯದು ರಾಟೆಯ ಯಂತ್ರ ತಿರುಗಿಸಿ ದೋಣಿಯಲ್ಲಿ ಹರಿಸುವುದು: ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯ ನೀರು ತಾನಾಗಿ ಕಾಲುವೆಗೆ ಬರುವುದು. ನಾಲ್ಕನೆಯದು ಮಳೆ: ತೋಟಗಾರನ ಕೈ ಇಲ್ಲದೆಯೇ ಎಲ್ಲವೂ ತೊಯ್ಯುವುದು. ನಮ್ಮ ಕಡೆಯ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡಪಾನ, ಏತ, ತೋಡು, ಆಟಿ ತಿಂಗಳ ಮಳೆ.

ಆದರೆ ನನಗೆ ಹಿಡಿಸಿದ್ದು ಆ ನಾಲ್ಕರ ನಡುವೆ ತೆರೇಸಾ ಸೇರಿಸುವ ಇನ್ನೊಂದು ಮಾತು. ಕೊಡಪಾನ ಇಳಿಸಿದ್ದೀರಿ, ಬಾವಿ ಬತ್ತಿದೆ, ಬರಿದೇ ಮೇಲೆ ಬಂತು. ಆಗೇನು? ಆಗಲೂ ಇಳಿಸುತ್ತಿರಬೇಕು ಎನ್ನುತ್ತಾರೆ ಅವರು. ತೋಟದ ಒಡೆಯನಿಗೆ ನೀರಿಲ್ಲದೆಯೂ ಹೂವನ್ನು ಉಳಿಸುವ ದಾರಿ ಗೊತ್ತಿದೆ, ತೋಟಗಾರ ತನ್ನ ಪಾಲಿನ ಕೆಲಸ ಬಿಡದಿದ್ದರಾಯಿತು. ಹೀಗೆ ಬರೆದ ಈ ಮಹಾಸಂತೆಯೇ, ಕೆಲವು ವರ್ಷ ಪ್ರಾರ್ಥನೆಗೆ ಕೂತಾಗ ತನ್ನ ಕಿವಿಯೆಲ್ಲ ಗಡಿಯಾರದ ಮೇಲೆ ಇತ್ತು, ಗಂಟೆ ಯಾವಾಗ ಬಾರಿಸೀತು ಎಂದು ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತಾರೆ. ಅದನ್ನು ಓದಿದಾಗ ಸಿಲ್ಕ್ ಬೋರ್ಡಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೋ ಬಂದು ಕೂತಂತೆ ಆಗಿತ್ತು.

ಮಾಂಯ್ ತೆರೇಸಾರನ್ನು ಓದಿದವರಲ್ಲ. ಓದಿದ್ದು ನಾಲ್ಕನೆಯ ಕ್ಲಾಸು. ತೆರೇಸಾ ಅಂಥವರ ಬಗ್ಗೆಯೂ ಬರೆದಿದ್ದಾರೆ. ಒಬ್ಬ ವೃದ್ಧ ಸನ್ಯಾಸಿನಿ, ಬಾಯಿಪಾಠದ ಪ್ರಾರ್ಥನೆ ಬಿಟ್ಟರೆ ಬೇರೆ ಧ್ಯಾನ ತಲೆಗೆ ಹತ್ತದು ಎಂದು ಸಂಕಟಪಡುತ್ತಾ ಬಂದರಂತೆ. ಮಾತಾಡಿಸಿ ನೋಡಿದರೆ, ಪರಲೋಕ ಪ್ರಾರ್ಥನೆಯನ್ನು ಬಾಯಲ್ಲಿ ಹೇಳುತ್ತಲೇ ಆಕೆ ಧ್ಯಾನದ ತುದಿ ಮುಟ್ಟಿದ್ದರು. ಅದು ಆಕೆಗೇ ಗೊತ್ತಿರಲಿಲ್ಲ.

ಸಂಜೆ ಪಡುವಣದಲ್ಲಿ ಗುಡುಗಿತು, ನಾಲ್ಕು ಹನಿ ಉದುರಿತು, ನಿಂತಿತು. ಇಗರ್ಜಿಯ ಗಂಟೆ ಗಾಳಿಯಲ್ಲಿ ತೇಲಿ ಬಂತು. ಅಮ್ಮ ಟಿವಿ ಆರಿಸಿದಳು. ಅಡುಗೆಮನೆಯ ಗ್ಯಾಸು ಸಣ್ಣಗಾಯಿತು. ಅಣ್ಣನ ಮಕ್ಕಳಿಬ್ಬರು ಹೋಂವರ್ಕು ಬಿಟ್ಟು ಬಂದರು, ಹೋಂವರ್ಕು ಬಿಡುವುದು ಖುಷಿ, ತೇರ್ಸಿಗೆ ಕೂರುವುದು ಖುಷಿಯಲ್ಲ ಎಂಬುದು ಮುಖದಲ್ಲೇ ಇತ್ತು. ಚಾವಡಿಯ ಗೋಡೆಯಲ್ಲಿ ಆಲ್ತಾರ್. ನಡುವೆ ಖುರಿಸ್ ಎಂಬ ಶಿಲುಬೆ, ಒಂದು ಬದಿಗೆ ಯೇಸುವಿನ ಪವಿತ್ರ ಹೃದಯದ ಪಟ, ಇನ್ನೊಂದು ಬದಿಗೆ ವೇಲಾಂಕಣಿ ಮಾತೆ, ಕೆಳಗೆ ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿ. ಪಟದ ಹಿಂದೆ ಗರಿಗಳ ಭಾನುವಾರ ತಂದ ತೆಂಗಿನ ಗರಿ ಒಣಗಿ ಕಂದಾಗಿದೆ. ಕೆಂಪು ಸೀರೋ ಬಲ್ಬು. ಅದರಡಿ ಒಂದು ಪಿಂಗಾಣಿ ತಟ್ಟೆಯಲ್ಲಿ ಬೆಳಿಗ್ಗೆ ಬೇರೆ ಹಾಕಿದ ಅರಳಿದ ಮಲ್ಲಿಗೆ. ಕಟ್ಟೆಯಲ್ಲಿ ಮೊಗ್ಗಿಗೆ ಬೆಲೆ, ಅರಳಿದ್ದನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಮನೆಯ ಆಲ್ತಾರಿಗೆ ಏರುವುದು ಅದೇ. ಚಾವಡಿ ತುಂಬಾ ಹರಡುವ ಪರಿಮಳವೂ ಅದರದ್ದೇ.

ಮಂಗಳವಾರ ದುಃಖದ ರಹಸ್ಯಗಳು. ಮೊದಲನೆಯದು ಯೇಸು ಸಂಕಟದ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆಯ ತೋಟ. ಮಾಂಯ್ ಮೊದಲ ಅರ್ಧ ಹೇಳುತ್ತಾರೆ, ನಾವು ಉಳಿದರ್ಧ ಎತ್ತಿಕೊಳ್ಳುತ್ತೇವೆ. ಎರಡನೆಯ ದಶಕಕ್ಕೆ, ಅಂದರೆ ಎರಡನೆಯ ಹತ್ತು ನಮಾನ್ ಮರಿಯೆಗೆ, ಬರುವಾಗ ಸಣ್ಣವನ ತಲೆ ತೂಗಲು ಶುರುವಾಯಿತು. ಅವನ ಅಕ್ಕ ಮೊಣಕೈಯಿಂದ ತಿವಿದಳು. ಅವನು ಬೆಚ್ಚಿ ಎದ್ದು ಎಲ್ಲರಿಗಿಂತ ಜೋರಾಗಿ ತಪ್ಪು ಜಾಗದಲ್ಲಿ ‘ಆಮೆನ್’ ಅಂದ. ಮಾಂಯ್‌ನ ದನಿಯಲ್ಲಿ ನಗು ಬಂದು ಹೋದದ್ದು ಗೊತ್ತಾಯಿತು, ಜಪ ನಿಲ್ಲಲಿಲ್ಲ. ಗೆತ್ಸೇಮನೆಯಲ್ಲಿ ಶಿಷ್ಯರೂ ನಿದ್ದೆ ಹೋಗಿದ್ದರಲ್ಲ. ಲಿಸಿಯೂದ ಪುಟ್ಟ ತೆರೇಸಾ, 24ರ ಹರೆಯದಲ್ಲಿ 1897ರಲ್ಲಿ ತೀರಿಕೊಂಡ ಆ ಸಂತೆಯೂ, ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದುದನ್ನು ಮುಚ್ಚಿಡಲಿಲ್ಲ. ನಿದ್ದೆಹೋದ ಮಗುವಿನ ಮೇಲೆ ತಂದೆತಾಯಿಗೆ ಪ್ರೀತಿ ಕಡಿಮೆಯಾಗುತ್ತದೆಯೇ ಎಂಬುದು ಆಕೆಯ ಸಮಾಧಾನ. ಒಬ್ಬಳೇ ಕೂತು ಜಪಮಾಲೆ ಹೇಳುವುದು ತನಗೆ ದೇಹದಂಡನೆಗಿಂತ ಕಷ್ಟ ಎಂದೂ ಬರೆದಿಟ್ಟವಳು.

ಗೆತ್ಸೇಮನೆ ಎಂದರೆ ಎಣ್ಣೆಗಾಣ. ಹಿಂಡಿಯ ಬಕೆಟ್ಟಿನ ಹುಳಿವಾಸನೆ ಇನ್ನೂ ನನ್ನ ಕೈಯಲ್ಲಿತ್ತು, ಅದರಿಂದಲೋ ಏನೋ ಅಂದು ಆ ತೋಟ ಹತ್ತಿರವಾಯಿತು. ಬಿದ್ದುಕೊಂಡು ಪ್ರಾರ್ಥಿಸುವ ಮನುಷ್ಯ. ಕಲ್ಲೆಸೆತದಷ್ಟು ದೂರದಲ್ಲಿ ಗೊರಕೆ. ಮತ್ತಾಯನ ಸುವಾರ್ತೆ ಅಲ್ಲಿ ಒಂದು ಸಣ್ಣ ವಿವರ ಕೊಡುತ್ತದೆ, ಎಷ್ಟೋ ಸಲ ಓದಿಯೂ ನಾನು ಕಂಡಿರಲಿಲ್ಲ: ಮೂರನೆಯ ಸಲ ಹೋಗಿ ಯೇಸು ಮತ್ತೆ ಅದೇ ಮಾತು ಹೇಳಿ ಪ್ರಾರ್ಥಿಸಿದರು. ಹೊಸ ಮಾತಲ್ಲ, ಅದೇ ಮಾತು. ಅನ್ಯರಂತೆ ಬರಿದೇ ಮಾತು ಬೆಳೆಸಬೇಡಿ ಎಂದು ಬೆಟ್ಟದ ಮೇಲೆ ಕಲಿಸಿದವರೇ, ಸಂಕಟದ ರಾತ್ರಿಯಲ್ಲಿ ಒಂದೇ ಮಾತನ್ನು ಮೂರು ಸಲ ಹಿಡಿದುಕೊಂಡರು. ಬೆಟ್ಟದ ಮೇಲಿನ ಬೋಧೆಗೂ ತೋಟದ ರಾತ್ರಿಗೂ ವಿರೋಧವಿಲ್ಲ ಎಂದು ಆಗ ಹೊಳೆಯಿತು. ಬರಿದೇ ಎಂಬುದು ಮಾತು ಎಷ್ಟು ಸಲ ಬಂತು ಎಂಬುದರಲ್ಲಿಲ್ಲ, ಆ ಮಾತಿಗೆ ಏನು ಕಟ್ಟಿದೆ ಎಂಬುದರಲ್ಲಿದೆ.

ಏನು ಕಟ್ಟಿದೆ ಎಂಬುದು ತೇರ್ಸು ಮುಗಿದ ಮೇಲೆ ಗೊತ್ತಾಯಿತು. ಐದು ದಶಕ ಮುಗಿದರೆ ನಮ್ಮ ಮನೆಯಲ್ಲಿ ಎದ್ದೇಳುವ ಹಾಗಿಲ್ಲ. ಮಾಂಯ್‌ನ ಬಾಲಂಗೋಚಿ ಶುರುವಾಗುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ರೈಲಿನ ಬೋಗಿ ಅನ್ನುತ್ತಿದ್ದೆವು. ತೀರಿಹೋದ ಅಜ್ಜನ ಆತ್ಮಕ್ಕೆ ಒಂದು ಆಮ್ಚ್ಯಾ ಬಾಪಾ, ಅಂದರೆ ಪರಲೋಕ ಪ್ರಾರ್ಥನೆ. ಯಾರೂ ನೆನೆಯದ ಆತ್ಮಗಳಿಗೆ ಒಂದು. ಕುವೈತಿನಲ್ಲಿರುವ ಚಿಕ್ಕಪ್ಪನಿಗೆ ಒಂದು. ಮಲ್ಪೆಯಿಂದ ಕಡಲಿಗೆ ಇಳಿದವರಿಗೆ ಒಂದು. ಪಕ್ಕದ ಮನೆಯ ಅಕ್ಕನ ಮಗಳ ನರ್ಸಿಂಗ್ ಪರೀಕ್ಷೆಗೆ ಒಂದು. ಗಡಿಜಗಳ ತೆಗೆದು ಕೋರ್ಟಿಗೆ ಹೋದ ಆಚೆ ಮನೆಯವನಿಗೂ ಒಂದು, ಅವನ ಹೆಸರು ಬರುವಾಗ ಅಮ್ಮ ಸ್ವಲ್ಪ ಕೆಮ್ಮಿದಳು. ಕೊನೆಗೆ: ‘ಈವತ್ತಿನ ಹೂ ಮುಡಿದವರಿಗೆ.’

ನಾನು ತಲೆ ಎತ್ತಿ ನೋಡಿದೆ. ಮಾಂಯ್ ಕಣ್ಣು ಮುಚ್ಚಿದ್ದರು.

ಆ ಹೂವು ಯಾರ ಮುಡಿಗೆ ಹೋಯಿತೋ. ಮಂಗಳೂರಿನ ಯಾವುದೋ ಮದುವೆ ಹಾಲಿನ ಮದುಮಗಳಿಗೋ, ರೈಲು ಹತ್ತಿ ಮುಂಬೈಗೋ, ಕಟೀಲಿನ ಅಮ್ಮನ ಅಲಂಕಾರಕ್ಕೋ. ಮಾಂಯ್‌ಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬೆಳಗಿನಿಂದ ಆ ತುಟಿ ಸವೆಸಿದ ಅದದೇ ಮಾತು ನಾರು. ಕಟ್ಟುತ್ತಿದ್ದದ್ದು ಇವರನ್ನು. ಒಂದೊಂದು ಸುತ್ತಿಗೆ ಒಬ್ಬರು. ನಾನು ಬೆಂಗಳೂರಿನಲ್ಲಿ ನಾರನ್ನೇ ಎಳೆದೆಳೆದು, ಪರಿಮಳ ಬರುವುದಿಲ್ಲವಲ್ಲ ಎಂದು ಕೊರಗುತ್ತಿದ್ದೆ. ದಿನವೆಂಬ ತಟ್ಟೆಯಲ್ಲಿ ಮೊಗ್ಗು ಹಾಗೆಯೇ ಬಿದ್ದಿತ್ತು: ಪಕ್ಕದ ಕುರ್ಚಿಯಲ್ಲಿ ಕೂತು ಯಾರೊಂದಿಗೂ ಮಾತಾಡದ ಹುಡುಗ, ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುವ ವಾಚ್‌ಮನ್, ಎರಡು ತಿಂಗಳಿಂದ ಫೋನು ಎತ್ತದ ಗೆಳೆಯ. ಪ್ರಾರ್ಥನೆಗೆ ಕೂತಾಗ ಇವರೆಲ್ಲ ಮನಸ್ಸಿಗೆ ಬಂದರೆ, ಚಂಚಲತೆ ಎಂದು ಓಡಿಸಿದ್ದೆ.

ಮಕ್ಕಳು ಎದ್ದು ಸಾಲಾಗಿ ನಿಂತರು. ಕೈ ಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದರು. ಮಾಂಯ್ ಒಬ್ಬೊಬ್ಬರ ಹಣೆಯ ಮೇಲೂ ಹೆಬ್ಬೆರಳಿನಿಂದ ಖುರಿಸ್ ಎಳೆದರು. ಸರದಿ ನನಗೂ ಬಂತು. ಹೆಬ್ಬೆರಳ ತುದಿಯಲ್ಲಿ ನಾರು ಉಜ್ಜಿ ಉಜ್ಜಿ ಎದ್ದ ಗಂಟು ಹಣೆಗೆ ಒರಟಾಗಿ ತಾಗಿತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಕೂತೆ. ಮೊಬೈಲು ಒಳಗೆ ಇತ್ತು. ಲೊಯೋಲಾದ ಸಂತ ಇಗ್ನಾಸಿಯುಸ್ 1548ರಲ್ಲಿ ಅಚ್ಚಾದ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದ ಕೊನೆಗೆ ಪ್ರಾರ್ಥನೆಯ ಮೂರು ಬಗೆ ಹೇಳುತ್ತಾರೆ. ಅದರಲ್ಲಿ ಒಂದು ತೀರಾ ಸರಳ. ಗೊತ್ತಿರುವ ಪ್ರಾರ್ಥನೆಯ ಮೊದಲ ಪದ ಹಿಡಿಯಬೇಕು, ಅದರಲ್ಲಿ ರುಚಿ ಇರುವ ತನಕ ಅಲ್ಲೇ ಇರಬೇಕು, ಮುಂದಕ್ಕೆ ಹೋಗುವ ಅವಸರ ಬೇಡ. ಒಂದು ಗಂಟೆ ಒಂದೇ ಪದದಲ್ಲಿ ಕಳೆದರೂ ಸರಿ, ಉಳಿದದ್ದನ್ನು ಕೊನೆಗೆ ಎಂದಿನಂತೆ ಹೇಳಿ ಮುಗಿಸಬಹುದು. ಇನ್ನೊಂದು ಬಗೆ ಉಸಿರಿನದು, ಒಂದು ಉಸಿರಿಗೆ ಒಂದು ಪದ. ಓದಿದಾಗ ಪರೀಕ್ಷೆಯ ಉತ್ತರದಂತೆ ನೆನಪಿಟ್ಟುಕೊಂಡಿದ್ದೆ, ಕೂತು ನೋಡಿರಲಿಲ್ಲ.

ಕೂತೆ. ಮೊದಲ ಪದ, ‘ಆಮ್ಚ್ಯಾ’. ನಮ್ಮ. ಅಷ್ಟಕ್ಕೇ ನಿಂತೆ. ನಮ್ಮ ಎಂದರೆ ಯಾರಾರು? ಮಾಂಯ್‌ನ ರೈಲಿನ ಬೋಗಿಗಳೆಲ್ಲ ಒಂದರ ಹಿಂದೊಂದು ಬಂದವು. ಕೋರ್ಟಿಗೆ ಹೋದವನೂ ಬಂದ. ಅವನನ್ನು ‘ನಮ್ಮ’ದೊಳಗೆ ಸೇರಿಸಿಕೊಳ್ಳಲು ಮನಸ್ಸು ಹಿಂಜರಿಯಿತು, ಅಮ್ಮನ ಕೆಮ್ಮು ನೆನಪಾಗಿ ನಗುವೂ ಬಂತು. ಗೆಳೆಯ ಬಂದ. ತೋಟದಲ್ಲಿ ಜೀರುಂಡೆ ಕೂಗುತ್ತಿತ್ತು. ಸೊಳ್ಳೆ ಕಚ್ಚುತ್ತಿತ್ತು. ಬೆಳಕು ಮೂಡಲಿಲ್ಲ, ಕಣ್ಣೀರು ಬರಲಿಲ್ಲ, ದನಿ ಕೇಳಲಿಲ್ಲ. ಎರಡನೆಯ ಪದಕ್ಕೆ ಹೋಗಲೇ ಇಲ್ಲ ಎಂಬುದು ಎದ್ದು ಒಳಗೆ ಹೋಗುವಾಗ ಗೊತ್ತಾಯಿತು. ಗಡಿಯಾರ ನೋಡಿದೆ. ಅಷ್ಟು ಹೊತ್ತೂ ಅದರ ಕಡೆ ಕಿವಿ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಟಾರ್ಚು, ಮತ್ತೆ ಸಾಲು, ಮತ್ತೆ ಜಗಲಿ. ನಾನೂ ಚಕ್ಕಳಮಕ್ಕಳ ಹಾಕಿ ಕೂತು ಒಂದು ಎಳೆ ನಾರು ಕೇಳಿದೆ. ಪಕ್ಕದ ಮನೆಯ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಮೊದಲ ಸುತ್ತು ಬಿಗಿಯಾಯಿತು, ಎರಡು ಮೊಗ್ಗಿನ ತೊಟ್ಟು ಕಡಿದು ಬಿತ್ತು. ಎರಡನೆಯದು ಸಡಿಲವಾಯಿತು, ಎತ್ತಿ ಹಿಡಿದರೆ ಎಲ್ಲ ಉದುರಿತು.

‘ಮೊಗ್ಗು ನೋಡ್ಬೇಡ ಪುತಾ, ನಾರೂ ನೋಡ್ಬೇಡ’ ಎಂದರು ಮಾಂಯ್. ‘ಬೆರಳಿಗೆ ಬಿಡು. ಅದಕ್ಕೆ ಗೊತ್ತಾಗ್ತದೆ.’

‘ಎಷ್ಟು ದಿನ ಬೇಕು?’

‘ನನಗೆ ಏಳನೇ ವರ್ಷದಲ್ಲಿ ಅಮ್ಮ ಕಲಿಸಿದ್ದು. ಈಗಲೂ ಒಂದೊಂದು ದಿನ ಉದುರ್ತದೆ.’

ಅಕ್ಕ ಸುದ್ದಿ ಶುರು ಮಾಡಿದರು. ಮಗಳ ಪರೀಕ್ಷೆ ಸೋಮವಾರವಂತೆ, ಹುಡುಗಿ ರಾತ್ರಿ ಊಟ ಬಿಟ್ಟಿದ್ದಾಳಂತೆ. ನಾನು ಕೇಳುತ್ತಾ ಕಟ್ಟುತ್ತಿದ್ದೆ. ಕಟ್ಟುತ್ತಾ ಕೇಳುತ್ತಿದ್ದೆ. ಒಂದು ಗೇಣು ಮಾಲೆಯಾಯಿತು, ಅಂಕುಡೊಂಕು, ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಹೊರಗೆ ಬೈಕಿನ ಹಾರನ್ನು ಕೇಳಿಸಿತು. ಮಾಂಯ್ ತಮ್ಮ ಚೆಂಡುಗಳನ್ನು ಬಾಳೆಲೆಗೆ ಸುತ್ತಿದರು. ನನ್ನ ಮಾಲೆಯನ್ನು ಎತ್ತಿ, ತಿರುಗಿಸಿ ನೋಡಿ, ಬೇರೆ ಇಟ್ಟರು. ಅದು ಕಟ್ಟೆಗೆ ಹೋಗುವ ಮಾಲಲ್ಲ.

ಒಳಗೆ ಹೋಗಿ ಅದನ್ನು ಪಿಂಗಾಣಿ ತಟ್ಟೆಯಲ್ಲಿ, ಅರಳಿದ ಹೂವುಗಳ ಮೇಲೆ ಇಟ್ಟು ಬಂದರು. ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದರು.

‘ಏನು ಮಾಂಯ್?’

‘ಏನಿಲ್ಲ. ನಿನ್ನ ತುಟಿ ಅಲುಗ್ತಾ ಉಂಟು.’